ಗುಂಡಿ

ಮೂರು ಕಂಪನಿ, ಮೂರು ಪರದೆ.
ಫ್ಯಾರೋ ದ್ವೀಪದ ಕ್ಲಾಕ್ಸ್‌ವೀಕ್, ಡಿಸೆಂಬರ್,
ಒಂಬತ್ತು ಹೊಡೆದರೂ ಬೆಳಕಿಲ್ಲ.
ಮೀನಿನ ಕಾರ್ಖಾನೆಯ ಮಹಡಿಯಲ್ಲಿ
ನಾನು, ಲೆಕ್ಕದ ಟುಮ್ಮಸ್, ಮತ್ತು ಆರಿದ ಕಾಫಿ.
ಕೆಳಗೆ ನೂರ ನಲವತ್ತು ಜನ, ಒಂಬತ್ತು ಭಾಷೆ.
ಮಾರ್ಚ್ ಮುಗಿಯುವುದರೊಳಗೆ ಎಲ್ಲರಿಗೂ
ಸುರಕ್ಷತೆ ಕಲಿಸಿರಬೇಕು ಅಂತ ಮೇಲಿನವರ ಕಾಗದ.

ಮೊದಲನೆಯದು ಬಲು ಚೆಂದ.
ಮುಟ್ಟಿದರೆ ಅರಳುತ್ತದೆ, ಗೆದ್ದರೆ ಚುಕ್ಕಿ ಉದುರಿಸುತ್ತದೆ,
ಯಾರು ಯಾರಿಗಿಂತ ಮೇಲೆ ಅಂತ ಒಂದು ಏಣಿ ಬೇರೆ.
ಚಾಕು ಹಿಡಿದವರ ನಡುವೆ ಪೈಪೋಟಿ ಬೇಡಪ್ಪಾ
ಅಂದೆ. ಮಾರಲು ಬಂದ ಹುಡುಗ ನಕ್ಕ.
ನಾನು ನಗಲಿಲ್ಲ.

ಎರಡನೆಯದು ವರದಿಗೆ ಎತ್ತಿದ ಕೈ.
ಯಾರು, ಎಷ್ಟು ಹೊತ್ತು, ಎಷ್ಟು ಅಂಕ,
ಎಲ್ಲ ಬಣ್ಣಬಣ್ಣದ ರೊಟ್ಟಿಯ ಹಾಗೆ
ಕತ್ತರಿಸಿ ಬಡಿಸುತ್ತದೆ.
ಟುಮ್ಮಸ್‌ನ ಬಾಯಲ್ಲಿ ನೀರು.

ನನಗೆ ನೆನಪಾದದ್ದು ಹೋದ ವರ್ಷದ ವರದಿ.
ಅಮೋನಿಯಾ ಪಾಠ. ವಿಯೋರಿಕಾ ಮುಂಟ್ಯಾನು. ಮುಗಿಸಿದ್ದಾಳೆ.
ಹನ್ನೊಂದು ನಿಮಿಷ, ನೂರಕ್ಕೆ ನೂರು.
ಆ ಹಸಿರು ಸರಿಗುರುತು ಇನ್ನೂ ಇದೆ, ಯಾರೂ ಅಳಿಸಿಲ್ಲ.
ಮೂರು ವಾರಕ್ಕೆ ಶೀತಲಕೋಣೆಯ ಕೊಳವೆ ಸೋರಿತು.
ಗಾಳಿಗೆ ಅಡ್ಡಲಾಗಿ ಓಡಿ, ಎಂದಿತ್ತು ಪಾಠ.
ಅವಳು ಗಾಳಿಯ ಜೊತೆಗೇ ಓಡಿದಳು.
ಬದುಕಿದಳು. ದನಿ ಮಾತ್ರ ಹೋಯಿತು;
ಈಗ ಮಾತಾಡಿದರೆ
ಪಕ್ಕದ ಕೋಣೆಯಲ್ಲಿ ಯಾರೋ ಕಾಗದ ಹರಿದಂತೆ.

ಆಸ್ಪತ್ರೆಯಲ್ಲಿ ಕೇಳಿದ್ದೆ, ಕೇಳಬಾರದಿತ್ತು,
ಪಾಠ ಮುಗಿಸಿದ್ದೆಯಲ್ಲಾ?
ಚೀಟಿಯ ಮೇಲೆ ಬರೆದು ತೋರಿಸಿದಳು:
'ಮುಂದೆ' ಅಂತ ಒಂದೇ ಗುಂಡಿ ಇತ್ತು.

ಒತ್ತುವುದಕ್ಕೂ ಗುಂಡಿ, ಬೀಳುವುದಕ್ಕೂ ಗುಂಡಿ.
ಅದನ್ನು ಆರಿಸಿದವಳು ನಾನೇ.

ಹದಿನಾಲ್ಕು ವರ್ಷ ಕೆಳಗೆ ನಿಂತು ಮೀನು ಸೀಳಿದವಳು ನಾನು.
ಮೇಸ್ತ್ರಿ ಕೇಳುತ್ತಿದ್ದ: ಗೊತ್ತಾಯಿತಾ?
ಯಂತ್ರದ ಸದ್ದಿಗೆ ಒಂದಕ್ಷರ ಕೇಳಿಸದಿದ್ದರೂ
ಹೂಂ ಅಂದಿದ್ದೇನೆ.
ಹೂಂ ಅನ್ನಲು ಬಾಯಿ ತೆರೆಯಬೇಕಿಲ್ಲ.
ಉಹೂಂ ಅನ್ನಲೂ ಬೇಕಿಲ್ಲ, ನಿಜ,
ಆದರೂ ಆ 'ಉ'ಗೆ ಎಲ್ಲಿಂದಲೋ ಉಸಿರು ತರಬೇಕು.
ಎಡಗೈ ತೋರುಬೆರಳ ಗೆರೆ
ಚಳಿಗೆ ಈಗಲೂ ಸೆಳೆಯುತ್ತದೆ.

ಮೂರನೆಯದನ್ನು ತಂದವಳು ತಡವಾಗಿ ಬಂದಳು.
ಸುರಂಗ ಮುಚ್ಚಿತ್ತಂತೆ. ಒದ್ದೆ ಬೂಟು.
ಮಂಕು ಪರದೆ, ಒರಟು ಅಕ್ಷರ,
ಚಿತ್ರಗಳು ಯಾರದೋ ಮಗಳು ಗೀಚಿದಂಥವು.
ಥಾಯ್ ಅನುವಾದ ಅರ್ಧಕ್ಕೇ ನಿಂತಿದೆ, ರುಮೇನಿಯನ್ ಇದೆ.
ಪ್ರತಿ ಪುಟದ ಕೆಳಗೆ, 'ಮುಂದೆ'ಯ ಪಕ್ಕದಲ್ಲೇ,
ಅಷ್ಟೇ ದೊಡ್ಡದಾಗಿ:
'ನನಗೆ ತಿಳಿಯಲಿಲ್ಲ'.

ಒತ್ತಿದರೆ ಏನಾಗುತ್ತೆ?
ಏನೂ ಇಲ್ಲ, ಪಾಠ ಅಲ್ಲೇ ನಿಲ್ಲುತ್ತೆ.
ನಿಮಗೊಂದು ಸಂದೇಶ ಬರುತ್ತೆ.
ನೀವು ಎದ್ದು ಹೋಗಿ ಅವರಿಗೆ ಹೇಳಿಕೊಡಬೇಕು. ಬಾಯಲ್ಲಿ.
ಆಮೇಲೆ ತಾನೇ ಗಾಬರಿಬಿದ್ದು:
ಬೇಡವಾದರೆ ಅಡಗಿಸಬಹುದು. ತುಂಬಾ ಜನ ಅಡಗಿಸ್ತಾರೆ.

ಟುಮ್ಮಸ್ ಗುಣಿಸಿ ನೋಡಿದ.
ದಿನಕ್ಕೆ ತಲೆಗೊಂದು ಸಲ ಒತ್ತಿದರೂ
ನೀನು ಮೆಟ್ಟಿಲ ಮೇಲೇ ಮುದುಕಿಯಾಗ್ತೀಯ.
ಮೊಣಕಾಲು ಹೇಗೂ ಕೆಟ್ಟಿದೆ ಅಂದೆ.
ಸಹಿ ಹಾಕಿದೆ.

ಮೊದಲ ವಾರ ಒಬ್ಬರೂ ಒತ್ತಲಿಲ್ಲ.
ಎಲ್ಲರೂ ಮುಂದೆ, ಮುಂದೆ, ಮುಂದೆ.
ಹಸಿರು ತುಂಬಿದಷ್ಟೂ ನನಗೆ ನಿದ್ದೆಯಿಲ್ಲ.

ಎರಡನೆಯ ಗುರುವಾರ ಫೋನು ಗುಂಯ್ ಅಂದಿತು.
ಪುಟ ನಾಲ್ಕು. ತಿಳಿಯಲಿಲ್ಲ.
ಹೆಸರು ನೋಡಿದೆ. ಮೇಜಿನ ಆಚೆ ನೋಡಿದೆ.
ಟುಮ್ಮಸ್ ತಲೆಯೆತ್ತಲಿಲ್ಲ, ಕಿವಿ ಕೆಂಪಗಿತ್ತು.

ಒಳಗಿದ್ದವರಿಗೆ, ಅಂದ,
ಹೊರಗಿನ ಗಾಳಿ ಯಾವ ಕಡೆಗೆ ಅಂತ
ಹೇಗೆ ಗೊತ್ತಾಗಬೇಕು?

ನನಗೂ ಗೊತ್ತಿರಲಿಲ್ಲ.
ಎದ್ದೆವು. ಇಬ್ಬರೂ ಮೆಟ್ಟಿಲಿಳಿದೆವು,
ಎಷ್ಟೋ ವರ್ಷದ ಮೇಲೆ ಇಳಿದ ಅವನು
ತಲೆಗೆ ಬಲೆಟೋಪಿ ಹಾಕಲು ಮರೆತಿದ್ದ.
ಬಾಗಿಲ ಬಳಿ ನಿಂತವಳು ಯಾರೋ
ಏನೂ ಅನ್ನದೆ ಒಂದನ್ನು ಚಾಚಿದಳು.